ಗುಡ್ಡ ನೋಡಿ ಮೋಟರು ಆರಿಸಿ



ಗೇರಿನ ಸೈಕಲ್ಲಿಗೆ ಮೋಟರು ಕಟ್ಟಿಸಬೇಕೆಂದು ವಿಚಾರಿಸುವ ಹುಡುಗರು ಮೊದಲು ಕೇಳುವ ಮಾತು ಒಂದೇ: ‘ಕಾಕಾ, ಎಷ್ಟ್ ಸ್ಪೀಡ್ ಹೋಗ್ತದರಿ ಇದು?’ ಡಾಂಬರು ರಸ್ತೆಯ ಮೇಲೆ ಓಡಿಸುವುದಿದ್ದರೆ ಈ ಪ್ರಶ್ನೆ ಸರಿಯೇ. ಆದರೆ ಯಾದಗಿರಿ ಕೋಟೆ ಬೆಟ್ಟದ ಬುಡ, ಶಹಾಪುರದ, ಬುದ್ಧ ಮಲಗಿದಂತೆ ಕಾಣುವ ಬೆಟ್ಟದ ಹಿಂಬದಿ, ಸುರಪುರದ ಸುತ್ತ ಬಂಡೆಗಳ ನಡುವೆ ನುಸುಳುವ ಕಾಲುದಾರಿ, ಇಂಥಲ್ಲಿ ಓಡಿಸುವುದಿದ್ದರೆ ಕೇಳಬೇಕಾದದ್ದು ಬೇರೆ. ತಾಸಿಗೆ ಆರೇಳು ಕಿಲೋಮೀಟರ್ ವೇಗದಲ್ಲಿ, ಇನ್ನೇನು ನಿಂತೇಬಿಡುತ್ತದೆ ಅನ್ನುವ ಹೊತ್ತಿನಲ್ಲಿ, ಈ ಮೋಟರು ಏನು ಮಾಡುತ್ತದೆ? ಇವತ್ತಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ನಮ್ಮ ನೆಲವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಯಾದಗಿರಿಯಿಂದ ಶಹಾಪುರಕ್ಕೆ, ಅಲ್ಲಿಂದ ಸುರಪುರಕ್ಕೆ ಬಸ್ಸಿನಲ್ಲಿ ಹೋದವರಿಗೆಲ್ಲ ಇದು ಗೊತ್ತು. ಬಯಲು ಬಯಲಾಗಿ ಹೋಗುತ್ತಿದ್ದ ನೆಲ ಒಮ್ಮೆಲೇ ಎದ್ದು ನಿಲ್ಲುತ್ತದೆ. ಗುಂಡಿನ ಮೇಲೆ ಗುಂಡು ಪೇರಿಸಿದ ಗ್ರಾನೈಟ್ ಗುಡ್ಡಗಳು. ಗುಡ್ಡ ಇಳಿದರೆ ಮರಡಿ, ಮರಡಿ ದಾಟಿದರೆ ಎರೆ ಹೊಲ. ಹುಣಸಗಿ ಕಡೆ ಹೋದರೆ ಫರಸಿ ಕಲ್ಲಿನ ನೆಲ. ನಡುನಡುವೆ ನಾರಾಯಣಪುರ ಎಡದಂಡೆ ಕಾಲುವೆಯ ಪಕ್ಕದ ಮಣ್ಣಿನ ದಾರಿ, ಭತ್ತದ ಗದ್ದೆಗಳು. ಒಂದೇ ಮುಂಜಾನೆಯ ಸವಾರಿಯಲ್ಲಿ ಇವೆಲ್ಲವೂ ಸಿಗುತ್ತವೆ. ಕಾಲುವೆಯ ದಾರಿಗೆ ಯಾವ ಮೋಟರೂ ಆದೀತು. ಆದರೆ ಕಿಟ್ಟನ್ನು ಆರಿಸಬೇಕಾದದ್ದು ನಾವು ಹೋಗುವ ದಾರಿಯಲ್ಲಿ ಎಲ್ಲಕ್ಕಿಂತ ಕೆಟ್ಟ ತುಣುಕು ಯಾವುದೋ ಅದನ್ನು ನೋಡಿ.

ಕಿಟ್ಟು ಎಂದರೇನು ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ಒಂದು ಮೋಟರು, ಅದನ್ನು ಆಳುವ ಕಂಟ್ರೋಲರು, ಒಂದು ಬ್ಯಾಟರಿ, ಹ್ಯಾಂಡಲಿನ ಮೇಲೆ ಒಂದು ಚಿಕ್ಕ ಪರದೆ, ನಾವು ಪೆಡಲ್ ತುಳಿಯುವುದನ್ನು ಗುರುತಿಸುವ ಒಂದು ಸೆನ್ಸರ್. ಮೋಟರು ಕೂರುವುದು ಎರಡು ಕಡೆ: ಚಕ್ರದ ಗುಂಬದಲ್ಲಿ, ಅಂದರೆ ಹಬ್ಬಿನಲ್ಲಿ, ಇಲ್ಲವೇ ಎರಡು ಪೆಡಲುಗಳ ನಡುವಿನ ಅಚ್ಚಿನಲ್ಲಿ. ಎಲ್ಲಿ ಕೂರಿಸಬೇಕು ಎಂಬುದು ಹೊಸ ವಿಚಾರವಲ್ಲ. ಅಮೆರಿಕದ ಆಗ್ಡನ್ ಬೋಲ್ಟನ್ ಎಂಬವರು ಹಿಂದಿನ ಚಕ್ರದ ಹಬ್ಬಿನೊಳಗೆ ಮೋಟರು ಇರುವ ಸೈಕಲ್ಲಿಗೆ ಪೇಟೆಂಟ್ ಪಡೆದದ್ದು 1895ರಲ್ಲಿ. ಅದಾದ ಎರಡೇ ವರ್ಷಕ್ಕೆ, 1897ರಲ್ಲಿ, ಹೋಸಿಯಾ ಲಿಬ್ಬಿ ಎಂಬವರು ಪೆಡಲಿನ ಅಚ್ಚಿನ ಹತ್ತಿರ ಮೋಟರು ಇಡುವ ವಿನ್ಯಾಸ ಮುಂದಿಟ್ಟರು. ಜಪಾನಿನ ಯಮಾಹಾ ಕಂಪನಿ 1993ರಲ್ಲಿ, ಕಾಲಿನ ಒತ್ತಡ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಮೋಟರು ನೆರವಾಗುವ ಸೈಕಲ್ಲನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಮಾರಿತು. ಇವತ್ತು ಜಗತ್ತಿನಾದ್ಯಂತ ಗುಡ್ಡ ಹತ್ತುವ ಎಲೆಕ್ಟ್ರಿಕ್ ಸೈಕಲ್ಲುಗಳ ಮೋಟರು ಹೆಚ್ಚಾಗಿ ಇರುವುದು ಪೆಡಲಿನ ನಡುವೆಯೇ. ಅದಕ್ಕೆ ಗಟ್ಟಿಯಾದ ಕಾರಣವಿದೆ.

ಸ್ವಲ್ಪ ಲೆಕ್ಕ ಮಾಡೋಣ. ಸವಾರ, ಸೈಕಲ್ಲು, ಮೋಟರು, ಬ್ಯಾಟರಿ, ನೀರಿನ ಬಾಟಲಿ ಎಲ್ಲ ಸೇರಿ 90 ಕಿಲೋ ಎಂದಿಟ್ಟುಕೊಳ್ಳಿ. ಸಮವಾದ ರಸ್ತೆಯಲ್ಲಿ ತಾಸಿಗೆ 15 ಕಿಲೋಮೀಟರ್ ಹೋಗಲು ಬೇಕಾಗುವುದು ಅರವತ್ತು ಎಪ್ಪತ್ತು ವ್ಯಾಟ್ ಅಷ್ಟೇ. ಅದೇ ಸೈಕಲ್ಲು ನೂರು ಅಡಿಗೆ ಹನ್ನೆರಡು ಅಡಿ ಏರುವ ಗರಸಿನ ದಾರಿಯಲ್ಲಿ ತಾಸಿಗೆ ಬರೀ 8 ಕಿಲೋಮೀಟರ್ ಹೋಗಬೇಕಾದರೆ ಸುಮಾರು 300 ವ್ಯಾಟ್ ಬೇಕು. ಆರೋಗ್ಯವಂತ ಮನುಷ್ಯ ಅರ್ಧ ತಾಸು, ಮುಕ್ಕಾಲು ತಾಸು ಬಿಡದೆ ಕೊಡಬಲ್ಲ ಶಕ್ತಿ ನೂರು, ನೂರೈವತ್ತು ವ್ಯಾಟ್. ಉಳಿದದ್ದನ್ನು ಮೋಟರು ಕೊಡಬೇಕು. ಅಂದರೆ 250 ವ್ಯಾಟಿನ ಮೋಟರು ಸಾಕಾಗುತ್ತದೆ. ಆದರೆ ಆ ಮೋಟರಿಗೆ ತನಗೆ ಒಗ್ಗುವ ವೇಗದಲ್ಲಿ ತಿರುಗಲು ಅವಕಾಶ ಸಿಗಬೇಕು.

ಹಬ್ ಮೋಟರಿಗೆ ಆ ಅವಕಾಶವಿಲ್ಲ. ಚಕ್ರ ಎಷ್ಟು ನಿಧಾನವೋ ಅದೂ ಅಷ್ಟೇ ನಿಧಾನ. ಒಳಗೆ ಹಲ್ಲುಗಳಿರುವ ಗೇರ್ಡ್ ಹಬ್ ಆದರೂ ಆ ಹಲ್ಲುಗಳ ಲೆಕ್ಕ ಬದಲಾಗುವುದಿಲ್ಲ. ನಾನು ಹೇಳಿದ ಏರಿನಲ್ಲಿ ಹಿಂದಿನ ಚಕ್ರಕ್ಕೆ 45 ನ್ಯೂಟನ್ ಮೀಟರಿನಷ್ಟು ಟಾರ್ಕ್, ಅಂದರೆ ತಿರುಗಿಸುವ ಬಲ, ಬೇಕಾಗುತ್ತದೆ. 250 ವ್ಯಾಟಿನ ಗೇರ್ಡ್ ಹಬ್ ಸಾಮಾನ್ಯವಾಗಿ ಕೊಡುವುದು ಮೂವತ್ತರಿಂದ ನಲವತ್ತು. ನಾವು ಸೊಂಟ ಎತ್ತಿ ತುಳಿದರೆ ಹತ್ತೀತು. ಆದರೆ ವೇಗ ತಾಸಿಗೆ ಐದು ಕಿಲೋಮೀಟರಿಗೆ ಇಳಿಯಿತೋ, ಬ್ಯಾಟರಿಯಿಂದ ಬಂದ ವಿದ್ಯುತ್ತಿನ ದೊಡ್ಡ ಪಾಲು ಚಕ್ರವನ್ನು ತಿರುಗಿಸುವುದಕ್ಕಲ್ಲ, ತಾಮ್ರದ ಸುರುಳಿಯನ್ನು ಕಾಯಿಸುವುದಕ್ಕೆ ಹೋಗುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಬಂಡೆಯೇ ಕಾದು ಹಂಚಾಗಿರುವಾಗ ಮೋಟರಿನ ಒಳಗಿನ ನೈಲಾನ್ ಹಲ್ಲುಗಳ ಗತಿ ಏನಾದೀತು ಯೋಚಿಸಿ.

ಪೆಡಲಿನ ನಡುವೆ ಕೂರುವ ಮೋಟರು ತನ್ನ ಬಲವನ್ನು ಚೈನಿನ ಮೂಲಕ ಕಳಿಸುತ್ತದೆ. ಹಾಗಾಗಿ ಸೈಕಲ್ಲಿನ ಗೇರುಗಳೆಲ್ಲ ಅದರ ಗೇರುಗಳೂ ಆಗುತ್ತವೆ. ಅಚ್ಚಿನಲ್ಲಿ 80 ನ್ಯೂಟನ್ ಮೀಟರ್ ಕೊಡುತ್ತದೆ ಎನ್ನುವ ಮೋಟರು, ಮುಂದೆ 42 ಹಲ್ಲಿನ ಚೈನ್‌ವೀಲ್, ಹಿಂದೆ 14 ಹಲ್ಲು ಇದ್ದಾಗ ಚಕ್ರಕ್ಕೆ ಮುಟ್ಟಿಸುವುದು ಇಪ್ಪತ್ತೇಳರಷ್ಟು ಮಾತ್ರ. ಅದೇ ಹಿಂದೆ 34 ಹಲ್ಲಿಗೆ ಚೈನು ಏರಿಸಿದರೆ ಅರವತ್ತೈದರ ಹತ್ತಿರ. ದೊಡ್ಡ ಗುಂಡು ಮೀಟಲು ಉದ್ದನೆಯ ಹಾರೆ ಹಾಕಿದ ಹಾಗೆ ಇದು. ತೋಳಿನ ಬಲ ಅಷ್ಟೇ ಇದ್ದರೂ ಕಲ್ಲು ಅಲುಗುತ್ತದೆ. ಸುರಪುರದ ಗುಡ್ಡಕ್ಕೆ, ಶಹಾಪುರದ ಬೆಟ್ಟದ ಸೆರಗಿಗೆ ಮಧ್ಯದ ಮೋಟರೇ ಸರಿ ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಹಬ್ ಕಿಟ್ಟಿಗಿಂತ ಅದು ತುಟ್ಟಿ, ನಿಜ. ಹಣ ಸಾಲದಿದ್ದರೆ ಆರು ತಿಂಗಳು ತಡೆಯಿರಿ. ಕಾಲುವೆ ದಾರಿ, ಹೊಲದ ದಾರಿ, ಊರಿಂದೂರಿಗೆ ಓಡಾಟ ಇಷ್ಟೇ ಇದ್ದವರು ಮಾತ್ರ ಹಿಂದಿನ ಚಕ್ರದ ಗೇರ್ಡ್ ಹಬ್ಬನ್ನು ನೆಮ್ಮದಿಯಿಂದ ಕೊಳ್ಳಬಹುದು. ಮುಂದಿನ ಚಕ್ರಕ್ಕೆ ಮೋಟರು ಹಾಕುವ ಕಿಟ್ಟನ್ನು ಗುಡ್ಡಕ್ಕಂತೂ ಒಯ್ಯಬೇಡಿ. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಜರುಗುತ್ತದೆ, ಹಗುರಾದ ಮುಂದಿನ ಚಕ್ರ ಗರಸಿನಲ್ಲಿ ಸುಮ್ಮನೆ ಗಿರಕಿ ಹೊಡೆಯುತ್ತದೆ.

ಮಧ್ಯದ ಮೋಟರಿನ ಕಿಟ್ಟುಗಳಲ್ಲಿ ಹೆಚ್ಚು ಹೆಸರು ಕೇಳಿಬರುವುದು ಚೀನಾದ ಎರಡು ಕಂಪನಿಗಳದ್ದು, ಬಾಫಾಂಗ್ ಮತ್ತು ತೊಂಗ್‌ಶೆಂಗ್. ಬಾಫಾಂಗಿನ ಬಿಬಿಎಸ್ ಸಾಲಿನ ಮೋಟರು ಗಟ್ಟಿಮುಟ್ಟು. ಆದರೆ ಪೆಡಲು ತಿರುಗುತ್ತಿದೆಯೋ ಇಲ್ಲವೋ ಎಂಬುದನ್ನಷ್ಟೇ ಅದು ನೋಡುತ್ತದೆ. ತೊಂಗ್‌ಶೆಂಗಿನ ಟಿಎಸ್‌ಡಿಜೆಡ್ 2 ನಾವು ಎಷ್ಟು ಬಲ ಹಾಕಿ ತುಳಿಯುತ್ತಿದ್ದೇವೆ ಎಂಬುದನ್ನು ಅಳೆದು ಅಷ್ಟಕ್ಕೇ ನೆರವು ಕೊಡುತ್ತದೆ. ರಸ್ತೆಯ ಮೇಲೆ ಈ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಎರಡು ಗುಂಡುಗಳ ನಡುವಿನ ಸಂದಿಯಲ್ಲಿ ಮುಂದಿನ ಚಕ್ರ ತೂರಿಸಿ, ಅರ್ಧ ಸುತ್ತು ತುಳಿದು, ತಡೆದು, ಮತ್ತೆ ಅರ್ಧ ಸುತ್ತು ತುಳಿಯುವಾಗ ತಿಳಿಯುತ್ತದೆ. ತಿರುಗುವುದನ್ನು ಮಾತ್ರ ನೋಡುವ ಮೋಟರು ಒಂದು ಕ್ಷಣ ತಡವಾಗಿ ಎಚ್ಚರಗೊಳ್ಳುತ್ತದೆ, ಕಾಲು ನಿಂತ ಮೇಲೂ ಒಂದು ಕ್ಷಣ ದೂಡುತ್ತದೆ. ಬಂಡೆಯ ಅಂಚಿನಲ್ಲಿ ಆ ಒಂದು ಕ್ಷಣ ಬಹಳ ದೊಡ್ಡದು. ಹಾಗಾಗಿ ಬಲ ಅಳೆಯುವ ಸೆನ್ಸರ್ ಇರುವುದನ್ನೇ ಕೇಳಿ ಪಡೆಯಿರಿ. ಇಳಿದು ಸೈಕಲ್ಲು ನೂಕುವಾಗ ಮೋಟರು ನಡಿಗೆಯ ವೇಗದಲ್ಲಿ ಜೊತೆಗೂಡುವ ಗುಂಡಿ ಇದೆಯೇ ಎಂದೂ ವಿಚಾರಿಸಿ. ನಮ್ಮ ಗುಡ್ಡಗಳಲ್ಲಿ ಇಳಿದು ನೂಕುವ ಜಾಗಗಳು ಬೇಕಾದಷ್ಟಿವೆ.

ಇನ್ನೊಂದು ಮಾತು. ಕಿಟ್ಟಿನ ಜೊತೆ ಬರುವ ಮುಂದಿನ ಚೈನ್‌ವೀಲು ಸಾಮಾನ್ಯವಾಗಿ 42 ಹಲ್ಲಿನದು, ಅಂದರೆ ರಸ್ತೆಗೆಂದು ಮಾಡಿದ್ದು. ಗುಡ್ಡಕ್ಕೆ ಅದು ದೊಡ್ಡದಾಯಿತು. ಅದೇ ಮೋಟರಿಗೆ ಸಣ್ಣ ಚೈನ್‌ವೀಲು ಸಿಗುತ್ತದೆಯೇ ಕೇಳಿ; ಸಿಗದಿದ್ದರೆ ಹಿಂದೆ 40ರ ಆಸುಪಾಸಿನ ಹಲ್ಲು ಇರುವ ಗೇರ್ ಸೆಟ್ ಹಾಕಿಸಿ. ಮೋಟರಿನ ಬಲ ಚೈನಿನ ಮೇಲೆಯೇ ಬೀಳುವುದರಿಂದ ಚೈನು ಬೇಗ ಸವೆಯುತ್ತದೆ. ತುಳಿತದ ಬಲ ಇಳಿಸದೆ ಏರಿನ ನಡುವೆ ಗೇರು ಬದಲಿಸಿದರೆ ಕಡಿದೂ ಹೋಗುತ್ತದೆ. ಏರು ಶುರುವಾಗುವ ಮೊದಲೇ ಗೇರು ಇಳಿಸಿಕೊಳ್ಳುವ ರೂಢಿ ಬೆಳೆಸಿಕೊಳ್ಳಿ. ಚೀಲದಲ್ಲಿ ಒಂದು ಚೈನ್ ಲಿಂಕು ಸದಾ ಇರಲಿ.

ಹಾಗಾದರೆ 750, 1000 ವ್ಯಾಟಿನ ಮೋಟರು ಯಾಕಾಗಬಾರದು ಎಂದು ಕೇಳುತ್ತೀರಿ. ನಮ್ಮ ದೇಶದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟರಿನ 30 ನಿಮಿಷದ ಶಕ್ತಿ ಕಾಲು ಕಿಲೋವ್ಯಾಟಿಗಿಂತ ಕಡಿಮೆಯಿದ್ದು, ತಾಸಿಗೆ 25 ಕಿಲೋಮೀಟರ್ ಮುಟ್ಟಿದಾಗ ಅಥವಾ ಸವಾರ ತುಳಿಯುವುದು ನಿಲ್ಲಿಸಿದಾಗ ನೆರವು ನಿಂತುಹೋಗುವ ಸೈಕಲ್ಲು ಮೋಟಾರು ವಾಹನ ಅನ್ನಿಸಿಕೊಳ್ಳುವುದಿಲ್ಲ. ಸರಿಯಾದ ಬ್ರೇಕು, ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರು ಇರಬೇಕು. ಲೈಸೆನ್ಸು, ನಂಬರ್ ಪ್ಲೇಟು ಬೇಡ. ಅದಕ್ಕಿಂತ ದೊಡ್ಡ ಮೋಟರು ಕಟ್ಟಿದಿರೋ, ಗುಡ್ಡದ ಬುಡ ಮುಟ್ಟುವವರೆಗಿನ ಸಾರ್ವಜನಿಕ ರಸ್ತೆಯಲ್ಲಿ ನೀವು ಓಡಿಸುತ್ತಿರುವುದು ನೋಂದಣಿಯಿಲ್ಲದ ವಾಹನ. ಅಪಘಾತವಾದರೆ ಇನ್ಶೂರೆನ್ಸೂ ಇಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2019ರಿಂದ ಎಲೆಕ್ಟ್ರಿಕ್ ಮೌಂಟನ್ ಬೈಕಿನ ವಿಶ್ವ ಚಾಂಪಿಯನ್‌ಷಿಪ್ ನಡೆಸುತ್ತಿದೆ. ಅಲ್ಲಿಯೂ ಮೋಟರಿಗೆ 250 ವ್ಯಾಟ್, ನೆರವಿಗೆ ತಾಸಿಗೆ 25 ಕಿಲೋಮೀಟರ್ ಎಂಬುದೇ ಮಿತಿ. ಜಗತ್ತಿನ ಅತ್ಯುತ್ತಮ ಸವಾರರು ಅಷ್ಟರಲ್ಲಿ ಬೆಟ್ಟ ಹತ್ತುತ್ತಾರೆಂದರೆ ನಮಗೆ ಸಾಲದೆ ಹೋದೀತೇ?

ಈಗ ಮುಳ್ಳಿನ ವಿಷಯ. ನಮ್ಮ ಭಾಗದಲ್ಲಿ ಕಿಟ್ಟು ಆರಿಸುವಾಗ ಮುಳ್ಳನ್ನು ಮರೆತರೆ ಆಗುವುದೇ ಇಲ್ಲ. ಬಳ್ಳಾರಿ ಜಾಲಿ ಇಲ್ಲದ ದಾರಿ ಎಲ್ಲಿದೆ? ಜಾಲಿ ತಪ್ಪಿದರೆ ನೆಗ್ಗಿಲುಮುಳ್ಳು. ಮಧ್ಯದ ಮೋಟರಿನ ಸೈಕಲ್ಲಿನಲ್ಲಿ ಹಿಂದಿನ ಚಕ್ರ ಮಾಮೂಲಿ ಚಕ್ರ. ಕ್ವಿಕ್ ರಿಲೀಸ್ ಸಡಿಲಿಸಿದರೆ ಕೈಗೆ ಬರುತ್ತದೆ. ಹಬ್ ಮೋಟರಿನ ಚಕ್ರ ಪಂಕ್ಚರಾದರೆ ಆಗುವುದನ್ನು ಹೇಳುತ್ತೇನೆ. ಮೊದಲು ಮೋಟರಿನ ವೈರಿನ ಪ್ಲಗ್ಗನ್ನು ಎಳೆಯಬೇಕು. ಧೂಳು ಕೂತಿದ್ದರೆ ಅದು ಸುಲಭಕ್ಕೆ ಬರುವುದಿಲ್ಲ. ತಿರುಚಿ ಎಳೆದರೆ ಒಳಗಿನ ಎಳೆಯಂಥ ಪಿನ್ನು ಬಾಗುತ್ತದೆ. ಆಮೇಲೆ ಚೈನ್‌ಸ್ಟೇಗೆ ಬಿಗಿದ ಟಾರ್ಕ್ ಆರ್ಮ್ ಬಿಚ್ಚಬೇಕು. ಅಚ್ಚಿನ ಎರಡೂ ಕಡೆಯ ನಟ್ಟುಗಳಿಗೆ ದೊಡ್ಡ ಪಾನಾ ಬೇಕು. ನಟ್ಟಿನ ಹಿಂದೆ ಒಂದು ವಾಷರು, ಅದರ ಹಿಂದೆ ಮೂಗಿರುವ ಇನ್ನೊಂದು ವಾಷರು. ಆ ಮೂಗು ಯಾವ ಕಡೆ ಇತ್ತು ಎಂಬುದನ್ನು ನೋಡಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಕೂಡಿಸುವಾಗ ಅಚ್ಚು ಸರಿಯಾಗಿ ಕೂರುವುದಿಲ್ಲ. ಮೋಟರು ಕೂತ ಭಾರದ ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಟೈರು ಕೀಳಬೇಕು. ಇದೆಲ್ಲ ನೆರಳಿಲ್ಲದ ಮರಡಿಯಲ್ಲಿ, ನಡುಮಧ್ಯಾಹ್ನದಲ್ಲಿ. ಹಬ್ಬೇ ಬೇಕೆನ್ನುವವರು ಟ್ಯೂಬಿನೊಳಗೆ ಪಂಕ್ಚರ್ ತಡೆಯುವ ದ್ರವ ಹಾಕಿಸಿ, ಟೈರಿನ ಒಳಗೆ ಪಟ್ಟಿ ಕೂರಿಸಿ, ಪಾನಾ ಜೊತೆಗಿಟ್ಟುಕೊಂಡೇ ಹೊರಡಬೇಕು. ಚಕ್ರವನ್ನು ಸೈಕಲ್ಲಿನಲ್ಲೇ ಬಿಟ್ಟು, ಟೈರಿನ ಒಂದು ಬದಿ ಮಾತ್ರ ಬಿಡಿಸಿ, ಟ್ಯೂಬನ್ನು ಹೊರಗೆಳೆದು ತೂತು ಮುಚ್ಚುವುದನ್ನು ಊರಿನ ಪಂಕ್ಚರ್ ಅಂಗಡಿಯಲ್ಲಿ ಕೂತು ಕಲಿತರೆ ಬಹಳ ಒಳ್ಳೆಯದು. ಆ ಕೈಚಳಕ ಅವರಿಗೆ ಚೆನ್ನಾಗಿ ಗೊತ್ತು.

ಟಾರ್ಕ್ ಆರ್ಮ್ ಬಗ್ಗೆಯೂ ಒಂದು ಎಚ್ಚರಿಕೆ. ಹಬ್ ಮೋಟರು ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಅದರ ಅಚ್ಚು ಹಿಂದಕ್ಕೆ ತಿರುಗಲು ನೋಡುತ್ತದೆ. ಅಲ್ಯೂಮಿನಿಯಂ ಫ್ರೇಮಿನಲ್ಲಿ ಅಚ್ಚು ಕೂರುವ ಬಾಯಿ ಮೆತ್ತಗೆ ಅಗಲವಾಗುತ್ತ ಹೋಗಿ, ಒಂದು ದಿನ ಅಚ್ಚು ತಿರುಗಿ ವೈರು ಹರಿದು ಚಕ್ರವೇ ಕಳಚಿಕೊಳ್ಳಬಹುದು. ಅಚ್ಚು ತಿರುಗದಂತೆ ಹಿಡಿಯುವ ಟಾರ್ಕ್ ಆರ್ಮ್ ಇಲ್ಲದ ಕಿಟ್ಟನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಮಳೆಗಾಲದಲ್ಲಿ ಎರೆ ಮಣ್ಣು ಇನ್ನೊಂದು ಪರೀಕ್ಷೆ ಒಡ್ಡುತ್ತದೆ. ಹಸಿ ಎರೆಯಲ್ಲಿ ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಟೈರು ದಪ್ಪಗಾಗಿ, ಮಣ್ಣು ಹಿಂದಿನ ಫ್ರೇಮಿನ ಸಂದಿಗೆ ಗಿಡಿದು, ಚಕ್ರ ಕಚ್ಚಿ ನಿಲ್ಲುತ್ತದೆ. ಆಗ ಮೋಟರಿನ ನೆರವು ಏರಿಸಿದರೆ ಸುಡುವುದು ಕಂಟ್ರೋಲರು. ಇಳಿದು ಕಟ್ಟಿಗೆಯಿಂದ ಮಣ್ಣು ಕೆರೆಯಬೇಕು, ಬೇರೆ ದಾರಿಯಿಲ್ಲ. ಅಗಲ ಟೈರು ಒಳ್ಳೆಯದೆಂದು ಫ್ರೇಮಿಗೆ ಉಜ್ಜುವಷ್ಟು ದಪ್ಪದ್ದನ್ನು ಹಾಕಿಸಬೇಡಿ, ಎರಡೂ ಬದಿ ಬೆರಳು ತೂರುವಷ್ಟು ಜಾಗ ಬಿಡಿ. ಮನೆಗೆ ಬಂದ ಮೇಲೆ ಜೋರು ಪೈಪಿನ ನೀರು ಬಿಟ್ಟು ತೊಳೆಯುವುದೂ ಬೇಡ. ಮಳೆಯ ಹನಿ ತಡೆಯುವ ಮೋಟರಿನ ಸೀಲು ಪಂಪಿನ ಒತ್ತಡವನ್ನು ತಡೆಯಲಾರದು. ಒದ್ದೆ ಬಟ್ಟೆ, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು.

ಬ್ಯಾಟರಿಗೆ ಬರೋಣ. ಕಿಟ್ಟಿನ ಬೆಲೆಯಲ್ಲಿ ದೊಡ್ಡ ಪಾಲು ಇದರದ್ದೇ, ಮೋಸ ಹೆಚ್ಚಾಗುವುದೂ ಇದರಲ್ಲೇ. ವೋಲ್ಟನ್ನು ಆಂಪಿಯರ್ ಅವರಿನಿಂದ ಗುಣಿಸಿ: 36 ವೋಲ್ಟಿನ 10 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 360 ವ್ಯಾಟ್ ಅವರ್ ವಿದ್ಯುತ್ತು. ಸಮ ರಸ್ತೆಯಲ್ಲಿ ತುಳಿಯುತ್ತ ಹೋದರೆ ಕಿಲೋಮೀಟರಿಗೆ ಹತ್ತರ ಆಸುಪಾಸು ಖರ್ಚು. ಗುಡ್ಡ, ಗರಸು, ಮಣ್ಣಿನಲ್ಲಿ ಅದು ಹದಿನೈದರಿಂದ ಇಪ್ಪತ್ತೈದಕ್ಕೆ ಏರುತ್ತದೆ. ಪೆಟ್ಟಿಗೆಯ ಮೇಲೆ 40 ಕಿಲೋಮೀಟರ್ ಎಂದು ಬರೆದಿದ್ದರೆ ಅದು ರಸ್ತೆಯ ಮಾತು. ಗುಡ್ಡದಲ್ಲಿ ಅರ್ಧ ಸಿಕ್ಕರೆ ನಿಮ್ಮ ಪುಣ್ಯ. ಸುರಪುರದಿಂದ ಬೋನಾಳ ಕೆರೆಗೆ ಹೋಗಿ, ಹಕ್ಕಿ ನೋಡಿ, ಬರುವಾಗ ಒಂದು ಗುಡ್ಡ ಸುತ್ತಿ ಬರಲು ಆ 360 ಸಾಕಾಗುತ್ತದೆ. ಯಾದಗಿರಿಯಿಂದ ಹೊರಟು ಶಹಾಪುರದ ಬೆಟ್ಟ ಮುಗಿಸಿ ಅದೇ ದಿನ ಮರಳುವವರಿಗೆ ಅದರ ಎರಡರಷ್ಟಾದರೂ ಬೇಕು.

ನಮ್ಮ ಬಿಸಿಲಿಗೆ ಯಾವ ಬ್ಯಾಟರಿ? ಲಿಥಿಯಂ ಅಯಾನಿನಲ್ಲೇ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ನಿಕಲ್ ಮ್ಯಾಂಗನೀಸ್ ಕೋಬಾಲ್ಟಿನದು ಹಗುರ. ಕಬ್ಬಿಣದ ಫಾಸ್ಫೇಟಿನದು ಭಾರ, ಆದರೆ ಬಿಸಿ ತಾಳುತ್ತದೆ, ಬೆಂಕಿ ಹತ್ತುವ ಅಪಾಯ ಕಡಿಮೆ, ಬಾಳಿಕೆಯೂ ಹೆಚ್ಚು. ಒಂದು ಕಿಲೋ, ಒಂದೂವರೆ ಕಿಲೋ ಹೆಚ್ಚಾದರೂ ನಾನು ಎರಡನೆಯದರ ಕಡೆಗೇ. ಯಾವುದೇ ಇರಲಿ, ಬ್ಯಾಟರಿಯ ಮೈ 45 ಡಿಗ್ರಿ ದಾಟಿದ್ದಾಗ ಚಾರ್ಜಿಗೆ ಹಾಕಬಾರದು. ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಗಾಳಿಯೇ 42 ಡಿಗ್ರಿ ಮುಟ್ಟುತ್ತದೆ. ಸವಾರಿ ಮುಗಿಸಿ ಬಂದವರು ಬ್ಯಾಟರಿಯನ್ನು ನೆರಳಿನಲ್ಲಿ ಒಂದೆರಡು ತಾಸು ಬಿಟ್ಟು, ಕೈಗೆ ತಣ್ಣಗಾದ ಮೇಲೆ ಚಾರ್ಜ್ ಮಾಡಿ. ತಗಡಿನ ಮನೆಯಲ್ಲಿ ಇರುವವರು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ. ರಾತ್ರಿ ಹಾಸಿಗೆಯ ಬದಿ ಚಾರ್ಜಿಗೆ ಹಾಕಿ ಮಲಗುವುದು ಬೇಡವೇ ಬೇಡ. ಸೆಲ್ಲುಗಳನ್ನು ಕಾಯುವ ಬಿಎಂಎಸ್ ಎಂಬ ಫಲಕ ಒಳಗಿದೆಯೇ, ಫ್ಯೂಜು ಎಲ್ಲಿದೆ, ಹಾಳಾದರೆ ಬದಲಿ ಯಾರು ಕೊಡುತ್ತಾರೆ ಎಂಬುದು ಬಿಲ್ಲಿನ ಮೇಲೆ ಬರಲಿ. ಹಳೆಯ ಲ್ಯಾಪ್‌ಟಾಪಿನ ಸೆಲ್ಲು ಕೂಡಿಸಿ ಅಗ್ಗದಲ್ಲಿ ಮಾಡಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಕಲ್ಲಿನ ದಾರಿಯ ಕುಲುಕಾಟಕ್ಕೆ ಬೆಸುಗೆ ಬಿಟ್ಟರೆ ಅದು ನಿಮ್ಮ ಎರಡು ಕಾಲುಗಳ ನಡುವೆ ಇರುವ ಬೆಂಕಿ.

ಹತ್ತಿದವರು ಇಳಿಯಬೇಕಲ್ಲ. ಮೌಂಟನ್ ಬೈಕಿನ ಆಟ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಗುಡ್ಡಗಳಲ್ಲಿ. ಅಲ್ಲಿ 1976ರಲ್ಲಿ ಶುರುವಾದ ಇಳಿಜಾರಿನ ಸ್ಪರ್ಧೆಗೆ ‘ರೀಪ್ಯಾಕ್’ ಎಂದು ಹೆಸರು ಬಂತು. ಒಂದು ಸಲ ಇಳಿಯುವಷ್ಟರಲ್ಲಿ ಹಿಂದಿನ ಬ್ರೇಕಿನ ಗ್ರೀಸು ಉರಿದು ಹೊಗೆಯಾಗಿ, ಮತ್ತೆ ಹೊಸದಾಗಿ ತುಂಬಬೇಕಾಗುತ್ತಿತ್ತು. ಅವರ ಸೈಕಲ್ಲಿಗೆ ಮೋಟರು ಇರಲಿಲ್ಲ. ನಾವು ಏಳೆಂಟು ಕಿಲೋ ಹೆಚ್ಚಿನ ಭಾರ ಹೊತ್ತು ಇಳಿಯುತ್ತೇವೆ. ಆದ್ದರಿಂದ ಕಿಟ್ಟಿಗಿಂತ ಮೊದಲು ಬ್ರೇಕಿಗೆ ಹಣ ಎತ್ತಿಡಿ. ಡಿಸ್ಕ್ ಬ್ರೇಕು ಬೇಕೇ ಬೇಕು, ಹೈಡ್ರಾಲಿಕ್ ಆದರೆ ಉತ್ತಮ, ಮುಂದಿನ ಡಿಸ್ಕು 180 ಮಿಲಿಮೀಟರಿನದಾದರೆ ಇನ್ನೂ ಉತ್ತಮ. ಬ್ರೇಕು ಹಿಡಿದ ಕೂಡಲೇ ಮೋಟರು ನಿಲ್ಲುವ ಕಟ್ ಆಫ್ ಸ್ವಿಚ್ಚನ್ನು ಹೈಡ್ರಾಲಿಕ್ ಲಿವರಿಗೂ ಹೊಂದಿಸಬಹುದು.

ಕಿಟ್ಟು ಕೊಳ್ಳುವ ಮೊದಲು ನಿಮ್ಮ ಸೈಕಲ್ಲನ್ನು ಮೆಕಾನಿಕನ ಹತ್ತಿರ ಒಯ್ದು ಪೆಡಲಿನ ಅಚ್ಚು ಬಿಚ್ಚಿಸಿ ನೋಡಿ. ಮಧ್ಯದ ಮೋಟರು ಕೂರುವ ಕೊಳವೆ 68 ಅಥವಾ 73 ಮಿಲಿಮೀಟರ್ ಅಗಲವಿದ್ದು, ಒಳಗೆ ಮರೆ, ಅಂದರೆ ಥ್ರೆಡ್ಡು, ಕೊರೆದಿರಬೇಕು. ಕಾಟರ್ ಪಿನ್ನಿನ ಹಳೆಯ ಸೈಕಲ್ಲಿಗೂ, ಒಂದೇ ತುಂಡಿನ ಕ್ರ್ಯಾಂಕ್ ಇರುವ ಅಗ್ಗದ ಸೈಕಲ್ಲಿಗೂ ಅದು ನೇರವಾಗಿ ಕೂರದಿರಬಹುದು. ಹಿಂದೆಯೂ ಮುಂದೆಯೂ ಸ್ಪ್ರಿಂಗ್ ಇರುವ ಅಗ್ಗದ ಸೈಕಲ್ಲಿಗಿಂತ, ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಗಟ್ಟಿ ಫ್ರೇಮಿನದು ಈ ಕೆಲಸಕ್ಕೆ ಎಷ್ಟೋ ಮೇಲು.

ಎಲ್ಲಿ ಓಡಿಸಬೇಕು ಎಂಬುದರ ಬಗ್ಗೆಯೂ ನನಗೆ ಕಾಳಜಿಯಿದೆ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದು ಹನ್ನೆರಡು ವರ್ಷ ಇದ್ದಾಗ ಈ ಗುಡ್ಡಗಳನ್ನು ಕುದುರೆಯ ಮೇಲೆ ಸುತ್ತಿ, ರಾಜನಕೋಳೂರಿನ ಕಲ್ಲುಮನೆಗಳನ್ನೂ ಶಹಾಪುರ ಬಳಿಯ ವಿಭೂತಿಹಳ್ಳಿಯ ಕಲ್ಲಿನ ಸಾಲುಗಳನ್ನೂ ದಾಖಲಿಸಿದರು. ಸಾವಿರಾರು ವರ್ಷಗಳ ಹಿಂದೆ ಜನ ಲೆಕ್ಕ ಹಾಕಿ ಸಾಲು ಹಿಡಿದು ಇಟ್ಟ ಗುಂಡುಗಳು ಅವು. ಅವುಗಳ ನಡುವೆ ಚಕ್ರ ಹಾಯಿಸಬೇಡಿ. ದಾರಿಯಲ್ಲಿ ಸೈಕಲ್ಲು ನಿಲ್ಲಿಸಿ ನಡೆದು ಹೋಗಿ. ಬೋನಾಳದಲ್ಲೂ ಕೆರೆ ಏರಿಯ ಮೇಲೆ ಸದ್ದಿಲ್ಲದೆ ನಡೆದರೇ ಹಕ್ಕಿಗಳು ಹತ್ತಿರದಿಂದ ಕಾಣುತ್ತವೆ. ಕುರಿ ಹಿಂಡು ಎದುರಾದರೆ ಮೋಟರು ಬಂದ್ ಮಾಡಿ ಬದಿಗೆ ನಿಲ್ಲಿ. ಸದ್ದು ಮಾಡದೆ ಹಿಂದಿನಿಂದ ಬರುವ ಸೈಕಲ್ಲಿಗೆ ಕುರಿ ಬೆದರಿ ಚೆಲ್ಲಾಪಿಲ್ಲಿಯಾದರೆ, ಕಾಯುವವನಿಗೆ ಅವನ್ನು ಮತ್ತೆ ಕೂಡಿಸಲು ಅರ್ಧ ದಿನ ಬೇಕು. ಬಿತ್ತಿದ ಹೊಲವಂತೂ ದಾರಿಯಲ್ಲ.

ಕೊನೆಗೆ, ಹಣ ಕೊಡುವ ಮೊದಲು ಕಿಟ್ಟು ಕಟ್ಟಿದ ಒಂದು ಸೈಕಲ್ಲನ್ನು ಏರಿನಲ್ಲಿ ಓಡಿಸಿ ನೋಡಲು ಕೇಳಿ. ಸುರಪುರದವರಿಗೆ ಟೇಲರ್ ಮಂಜಿಲ್ ಎಂಬ ಟೇಲರರ ಹಳೆಯ ಬಂಗಲೆಗೆ ಹತ್ತುವ ದಾರಿಯೇ ಇದೆ. ಏರಿನ ನಡುವೆ ಬೇಕೆಂದೇ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ, ಅಲ್ಲಿಂದಲೇ ಮತ್ತೆ ಹೊರಡಿ. ಜರ್ಕಿಲ್ಲದೆ, ಮುಂದಿನ ಚಕ್ರ ಏಳದೆ ಹೊರಟರೆ ಆ ಕಿಟ್ಟು ನಿಮ್ಮದು. ಕಟ್ಟಿಸಿದ ಮೇಲೆ ಮೊದಲ ಒಂದೆರಡು ವಾರ, ಮಧ್ಯದ ಮೋಟರನ್ನು ಫ್ರೇಮಿಗೆ ಬಿಗಿದ ದುಂಡು ನಟ್ಟು ಕುಲುಕಾಟಕ್ಕೆ ಸಡಿಲಾಗುತ್ತದೆ. ಪ್ರತಿ ಸವಾರಿಯ ನಂತರ ಮೋಟರನ್ನು ಕೈಯಿಂದ ಹಿಡಿದು ಅಲುಗಿಸಿ ನೋಡಿ, ಅಲುಗಿದರೆ ಅವತ್ತೇ ಪಾನಾ ಹಾಕಿ ಬಿಗಿಯಿರಿ.